ಐರಾವತದ ಕಥೆ ಬಸ್ಸಲ್ಲಿ ಹೇಳ್ತೀನಿ

ಬ್ಯಾಂಕಾಕ್‌ನ ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಒಳಗೆ ಸಮುದ್ರಮಥನದ ದೊಡ್ಡ ಶಿಲ್ಪ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ವಾಸುಕಿ. ಮೊದಲ ಸಲ ನೋಡಿದಾಗ ‘ಅರೆ, ಇದು ನಮ್ಮದೇ ಊರಲ್ವಾ’ ಅನ್ನಿಸಿತ್ತು. ಆಗ ನಾನು ಬೆಂಗಳೂರಿನ ಒಂದು ಟ್ರಾವೆಲ್ ಕಂಪನಿಯಲ್ಲಿ ಟೂರ್ ಮ್ಯಾನೇಜರ್. ನಾಲ್ಕನೇ ಗುಂಪು ಕರ್ಕೊಂಡು ಹೋಗೋ ಹೊತ್ತಿಗೆ, ಇಲ್ಲೇ ಗೈಡ್ ಆಗಿ ಉಳಿದುಬಿಡಬೇಕು ಅನ್ನೋ ಆಸೆ ಬಲಿತಿತ್ತು.

ಆ ಸಲ ಚಾವೊ ಫ್ರಾಯ ನದಿ ದಂಡೆಯ ವಾಟ್ ಅರುಣ್‌ಗೆ ಹೋಗಿದ್ವಿ. ನಮ್ಮ ಅರುಣನ ಹೆಸರಿನದೇ ದೇವಾಲಯ. ಗೋಪುರದ ಮೈತುಂಬ ಪಿಂಗಾಣಿ ಚೂರುಗಳು. ದಾವಣಗೆರೆಯ ಅಜ್ಜಿಯೊಬ್ಬರು ಮೇಲೆ ನೋಡಿ, “ಆನೆ ಮೇಲೆ ಕುಂತೋನು ಯಾರಪ್ಪ?” ಅಂದರು. ಬಾವುಟ ಎತ್ತಿ, “ಇಂದ್ರ ಅಜ್ಜಿ, ಅದು ಐರಾವತ. ಇಲ್ಲಿ ಮೂರು ತಲೆ...” ಅಂತ ಶುರು ಮಾಡಿದೆ. ನಮ್ಮ ಥಾಯ್ ಗೈಡ್ ಓಡಿ ಬಂದು ನನ್ನ ಕೈ ಕೆಳಗಿಳಿಸಿದರು. ಅವರ ಕೊರಳಲ್ಲಿ ಲೈಸೆನ್ಸ್ ಕಾರ್ಡ್ ಇತ್ತು. ನನ್ನ ಕೊರಳಲ್ಲಿ ಕಂಪನಿ ಟ್ಯಾಗ್ ಅಷ್ಟೇ.

ಸಂಜೆ ಆಕೆ ಬಿಡಿಸಿ ಹೇಳಿದರು. ಅಲ್ಲಿ ಅಕ್ಕನಿಗೂ ಅಣ್ಣನಿಗೂ ‘ಪೀ’ ಅಂತಾರೆ, ನಾನೂ ಹಾಗೇ ಕರೀತಿದ್ದೆ. ಥಾಯ್ಲೆಂಡಿನಲ್ಲಿ ಗೈಡ್ ಕೆಲಸ ಥಾಯ್ ಪ್ರಜೆಗಳಿಗೇ ಮೀಸಲು. ಎಷ್ಟು ಓದಿದ್ರೂ, ಎಷ್ಟು ಭಾಷೆ ಬಂದ್ರೂ ವಿದೇಶಿಯರಿಗಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ಹಂಪಿಯಲ್ಲಿ ಹೊರದೇಶದವನೊಬ್ಬ ಬಾವುಟ ಹಿಡಿದು ಕಲ್ಲಿನ ರಥದ ಕಥೆ ಹೇಳ್ತಾ ನಿಂತ್ರೆ ನಮ್ಮ ಗೈಡ್‌ಗಳು ಸುಮ್ಮನಿರ್ತಾರಾ?

ಬೇರೆ ಕೆಲಸ ಇಲ್ಲ ಅಂತಲ್ಲ. ಬಾಣಸಿಗರು, ಡೈವಿಂಗ್ ಕಲಿಸೋರು, ಹೋಟೆಲ್‌ಗಳಲ್ಲಿ ಭಾರತೀಯ ಮದುವೆ ಗುಂಪುಗಳನ್ನು ನೋಡಿಕೊಳ್ಳೋರು ಇದ್ದಾರೆ. ಆದರೆ ‘ನಾನ್-ಬಿ’ ವೀಸಾ ಬೇರೆ, ವರ್ಕ್ ಪರ್ಮಿಟ್ ಬೇರೆ, ಎರಡೂ ಬೇಕು. ಒಬ್ಬ ವಿದೇಶಿಯನ್ನು ಇಟ್ಕೊಳ್ಳೋಕೆ ಸಾಮಾನ್ಯವಾಗಿ ಕಂಪನಿಯಲ್ಲಿ ನಾಲ್ವರು ಥಾಯ್ ನೌಕರರಿರಬೇಕು. ಚಿಕ್ಕ ಅಂಗಡಿಯವರು ನಮ್ಮನ್ನು ಕಂಡು ಹಿಂಜರಿಯೋದು ಇದಕ್ಕೇ.

ಹಿಂಜರಿಯದವರೂ ಸಿಗ್ತಾರೆ, ಅವರೇ ಅಪಾಯ. ಫುಕೆಟ್‌ನ ಒಬ್ಬರು ಫೋನ್ ಮಾಡಿ, “ಟೂರಿಸ್ಟ್ ಆಗಿ ಬಾ ತಮ್ಮಾ, ಪೇಪರ್ ಆಮೇಲೆ ಮಾಡ್ಸೋಣ” ಅಂದರು. ಟ್ರಾವೆಲ್ ಡೆಸ್ಕ್ ಕೆಲಸ, ಊಟ, ರೂಮು. ಟಿಕೆಟ್‌ಗೆ ಅಂತ ಅಮ್ಮ ಬಳೆ ತೆಗೆದು ಮೇಜಿನ ಮೇಲಿಟ್ಟಿದ್ದರು. ಪೀಗೆ ಮೆಸೇಜ್ ಹಾಕಿದೆ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಗಡಿಪಾರು, ಎರಡು ವರ್ಷ ಪರ್ಮಿಟ್‌ಗೆ ಅರ್ಜಿ ಹಾಕೋ ಹಾಗಿಲ್ಲ ಅಂತ ಉತ್ತರ ಬಂತು. ಕೆಳಗೆ ಒಂದು ಸಾಲು: “ಬಾ, ಆದರೆ ಹೀಗಲ್ಲ.”

ಹೋಗಲಿಲ್ಲ. ಅದು ಬುದ್ಧಿವಂತಿಕೆಯೋ ಪುಕ್ಕಲುತನವೋ, ತುಂಬಾ ದಿನ ಗೊತ್ತಾಗಲಿಲ್ಲ. 2025ರ ಮಾರ್ಚ್‌ನಲ್ಲಿ ಟೀವಿಯಲ್ಲಿ ಸುದ್ದಿ ನೋಡಿದೆ. ಕೆಲಸದ ಆಸೆಗೆ ಹೋಗಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ಸಿಕ್ಕಿಬಿದ್ದಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಗಡಿ ಊರು ಮೇ ಸೋಟ್‌ನಿಂದ ವಾಯುಪಡೆ ವಿಮಾನದಲ್ಲಿ ಕರೆತಂದಿದ್ದರು. ನನಗೆ ಬಂದ ಕರೆ ಅಂಥದ್ದೇ ಅನ್ನಲಾರೆ. ಅಮ್ಮ ಮಾತ್ರ ಏನೂ ಹೇಳದೆ ಎದ್ದು ಹೋಗಿ ಟೀವಿ ಆರಿಸಿದರು.

ಈಗಲೂ ಗುಂಪು ಕರ್ಕೊಂಡು ಹೋಗ್ತೀನಿ. ರೂಮಿನ ಕೀ ಹಂಚೋದು, ಉಪ್ಪಿನಕಾಯಿ ಬಾಟಲಿ ಕಾಯೋದು, ತಪ್ಪಿಸಿಕೊಂಡವರನ್ನ ಹುಡುಕೋದು ನನ್ನ ಕೆಲಸ. ಕಥೆ ಹೇಳೋದು ಪೀ. ಹೋದ ಸಲವೂ ವಾಟ್ ಅರುಣ್‌ನಲ್ಲಿ ಒಬ್ಬ ಹುಡುಗ ಆ ಆನೆ ತೋರಿಸಿ ಕೇಳಿದ.

“ಬಸ್ಸಲ್ಲಿ ಹೇಳ್ತೀನಿ ಪುಟ್ಟಾ,” ಅಂದೆ.