ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಮಾಗಡಿಯಿಂದ ಬಿಡದಿ ಕಡೆಗೆ ಹೋದರೆ ಕಾರು ತಯಾರಾಗುವ ಜಾಗ. ಅಲ್ಲಿಂದ ಮೈಸೂರು ರಸ್ತೆ ಹಿಡಿದು ರಾಮನಗರ ದಾಟಿದರೆ ಗೊಂಬೆ ತಯಾರಾಗುವ ಊರು, ಚನ್ನಪಟ್ಟಣ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟವರು ಎರಡೂ ಕಡೆ ಸುತ್ತಾಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಬಿಡದಿಯ ಟೊಯೋಟ ಕಾರ್ಖಾನೆಯಿಂದ ಹೊರಬೀಳುವ ಕಾರಿಗೆ ಸಾವಿರಾರು ಬಿಡಿಭಾಗಗಳು. ಚನ್ನಪಟ್ಟಣದ ಮರದ ಕಾರಿಗೆ ಒಂದು ಒಡಲು, ನಾಲ್ಕು ಚಕ್ರ, ಚಕ್ರಕ್ಕೆ ಎರಡು ಕಡ್ಡಿ. ನನ್ನ ಹವ್ಯಾಸ ಈ ಎರಡರ ನಡುವಿನದು. ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪ್ಲಾಸ್ಟಿಕ್ ಭಾಗಗಳನ್ನು ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ರಸ್ತೆಯ ಮೇಲೆ ಓಡುವ ಕಾರನ್ನೇ ಅಳತೆ ತಪ್ಪದಂತೆ ಕಿರಿದು ಮಾಡಿ ಗಾಜಿನ ಬೀರುವಿನಲ್ಲಿ ನಿಲ್ಲಿಸುವುದು. ಬೀರು ತುಂಬಿ, ಈಗ ಪುಸ್ತಕದ ಕಪಾಟಿನ ಕೆಳಗಿನ ಎರಡು ಅರೆಗಳೂ ಅವುಗಳದ್ದೇ. ಮನೆಗೆ ಬಂದವರು ನೋಡಿ, "ಮೊಮ್ಮಗೀಗಾ ಮೇಷ್ಟ್ರೇ?" ಎನ್ನುತ್ತಾರೆ. ನನಗೇ ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ತಾವೇ ಬಗ್ಗಿ ಬಾಗಿಲು ತೆರೆಯುತ್ತದೆಯೇ ಎಂದು ನೋಡುತ್ತಾರೆ.

ಅಳತೆಯ ಹುಚ್ಚು ನನಗೆ ಹತ್ತಿದ್ದು ದಸರಾ ಗೊಂಬೆಗಳಿಂದ. ಅಮ್ಮ ಮೇಲಿನ ಮೆಟ್ಟಿಲಲ್ಲಿ ರಕ್ತಚಂದನದ ಪಟ್ಟದ ಗೊಂಬೆಗಳನ್ನು ಕೂರಿಸಿ, ಕೆಳಗೆ ನೆಲದ ಮೇಲೆ ರಾಗಿ ಪೈರು ಬೆಳೆಸಿದ ಪಾರ್ಕು ಮಾಡುತ್ತಿದ್ದಳು. ಅಲ್ಲಿ ಶೆಟ್ಟರ ಅಂಗಡಿ, ಜಂಬೂ ಸವಾರಿ, ಒಂದು ಬಸ್ಸು, ಒಂದು ತಗಡಿನ ಕಾರು. ಕಾರು ಆನೆಗಿಂತ ದೊಡ್ಡದು. ಶೆಟ್ಟರು ತಮ್ಮ ಅಂಗಡಿಯೊಳಗೆ ಎದ್ದು ನಿಂತರೆ ಮಾಡು ಕಿತ್ತುಬರಬೇಕು. ಕಾರನ್ನು ದೂರ ಇಡು, ದೂರದಲ್ಲಿರುವುದು ಸಣ್ಣದಾಗಿ ಕಾಣುತ್ತದೆ ಎಂದು ನಾನು ಹಟ ಹಿಡಿಯುತ್ತಿದ್ದೆ. "ದೇವ್ರ ಮುಂದೆ ಎಲ್ಲಾ ಒಂದೇ ಸಮ ಕಣೋ" ಎನ್ನುತ್ತಿದ್ದಳು ಅಮ್ಮ. ಅವಳ ಮಾತು ಅವಳ ಪಾರ್ಕಿಗೆ ಸರಿ. ನನಗೆ ಮಾತ್ರ ಅಂಗಡಿ, ಆನೆ, ಕಾರು ಮೂರೂ ಒಂದೇ ಲೆಕ್ಕದಲ್ಲಿ ಕುಗ್ಗಿದ ಒಂದು ಪ್ರಪಂಚ ಬೇಕಿತ್ತು.

ಆ ಪ್ರಪಂಚಕ್ಕೆ ನಿಯಮಗಳಿವೆ ಎಂದು ಗೊತ್ತಾದದ್ದು ಬಹಳ ತಡವಾಗಿ, ಬೆಂಗಳೂರಿನ ಒಂದು ಅಂಗಡಿಯಲ್ಲಿ ಮೊದಲ ಕಿಟ್ ಕೊಂಡಾಗ. ಪೆಟ್ಟಿಗೆಯ ಮೂಲೆಯಲ್ಲಿ 1/24 ಎಂದು ಅಚ್ಚಾಗಿತ್ತು. ಅಂದರೆ ನಿಜದ ಒಂದು ಅಡಿ ಇಲ್ಲಿ ಅರ್ಧ ಇಂಚು. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್ ಈ ಲೆಕ್ಕದಲ್ಲಿ 18 ಸೆಂಟಿಮೀಟರ್. ಮಾರುತಿ 800 ಸುಮಾರು 14. ಮಕ್ಕಳ ಅಂಗೈಯಲ್ಲಿ ಕೂರುವ ಲೋಹದ ಕಾರುಗಳು ಸಾಮಾನ್ಯವಾಗಿ 1/64. ಇನ್ನು 1/43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲಿನಿಂದ. ಒಂದು ಅಡಿಗೆ ಏಳು ಮಿಲಿಮೀಟರ್ ಎಂಬ ರೈಲಿನ ಅಳತೆಗೆ, ನಿಲ್ದಾಣದ ಮುಂದೆ ನಿಲ್ಲಿಸಲೆಂದು ಕಾರುಗಳನ್ನೂ ಮಾಡಿದರು. ರೈಲು ಮರೆತವರೂ ಆ ಅಳತೆಯನ್ನು ಇಂದಿಗೂ ಬಿಟ್ಟಿಲ್ಲ.

ಆದರೆ ಎಲ್ಲವೂ ಲೆಕ್ಕಕ್ಕೆ ಬಗ್ಗುವುದಿಲ್ಲ. ನಿಜವಾದ ಕಾರಿನ ಮೈಮೇಲೆ ಬಣ್ಣದ ಪದರಗಳೆಲ್ಲ ಸೇರಿದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು 24ರಿಂದ ಭಾಗಿಸಿದರೆ ಬರುವಷ್ಟು ತೆಳ್ಳಗೆ ಯಾವ ಬ್ರಷ್ಷೂ ಹಚ್ಚಲಾರದು. ಕಾರಿಗೆ ಇರುವಷ್ಟೇ ದಪ್ಪದ ಬಣ್ಣವನ್ನು ಮಾದರಿಗೂ ಹಚ್ಚಿದರೆ, ಅದರ ಅಳತೆಯಲ್ಲಿ ಅದು ಎರಡೂವರೆ ಮಿಲಿಮೀಟರಿನ ಗಾರೆ ಮೆತ್ತಿದ ಹಾಗೆ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ, ಹಿಡಿಯ ಅಂಚು ಮೊಂಡಾಗುತ್ತದೆ. ಆದ್ದರಿಂದ ತೆಳುವಾಗಿ ಕಲಸಿ, ಗಾಳಿಯೊತ್ತಡದಲ್ಲಿ ಮಂಜಿನಂತೆ ಬೀಳಿಸಿ, ಒಣಗಲು ಬಿಟ್ಟು, 2000 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಮತ್ತೆ ಹೊಡೆಯಬೇಕು. ನಮ್ಮ ಪೇಟೆಯ ಟಿಂಕರಿಂಗ್ ಅಂಗಡಿಯವರು ಮಾಡುವ ಕೆಲಸವೇ ಇದು. ಪುಟ್ಟಿ, ಪ್ರೈಮರ್ ಸಮಾಚಾರವನ್ನೆಲ್ಲ ನಾನು ಅವರ ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕೂತೇ ಕಲಿತೆ. ಬಣ್ಣದ ಗಾಢತೆಯೂ ಹಾಗೆಯೇ. ನಿಜವಾದ ಕಾರಿನ ಕಡುಗೆಂಪನ್ನೇ ತಂದು ಮಾದರಿಗೆ ಹಚ್ಚಿದರೆ ಕಪ್ಪಿಟ್ಟಂತೆ ಕಾಣುತ್ತದೆ. ಸ್ವಲ್ಪ ಬಿಳಿ ಬೆರೆಸಿ ತಿಳಿಯಾಗಿಸಿದರೆ ಕಣ್ಣು ಒಪ್ಪುತ್ತದೆ.

ಚನ್ನಪಟ್ಟಣದವರಿಗೆ ಈ ಪಾಡಿಲ್ಲ. ಅವರು ಬಣ್ಣ ಹಚ್ಚುವುದೇ ಇಲ್ಲ. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಅದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಲದು. ಲೇತು ಕೊಡುವುದು ದುಂಡು ಆಕಾರವನ್ನು. ಅದಕ್ಕೇ ಅವರ ಕಾರಿನಲ್ಲಿ ಡ್ರೈವರೂ ದುಂಡು, ದೀಪವೂ ದುಂಡು. ಅದು ಯಾವ ಕಂಪನಿಯ ಕಾರೂ ಅಲ್ಲ, ಮಗುವಿಗೆ ಕಾರು ಅಂದರೆ ಏನು ಬೇಕೋ ಅಷ್ಟೇ. ನನಗೆ ಬೇಕಾದದ್ದು ಬೇರೆ: ಈ ಕಾರು, ಈ ವರ್ಷದ್ದು, ಈ ಗ್ರಿಲ್ಲಿನದು.

ಕಿಟ್ ಎಂಬುದು ವ್ಯಾಪಾರದ ಬೆನ್ನು ಹತ್ತಿ ಬಂದದ್ದು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಫರ್ಗುಸನ್ ಟ್ರಾಕ್ಟರಿನ ಪ್ಲಾಸ್ಟಿಕ್ ಮಾದರಿ ಮಾಡಿಕೊಟ್ಟದ್ದು ಟ್ರಾಕ್ಟರ್ ಮಾರುವವರ ಕೈಯಲ್ಲಿರಲಿ ಎಂದು. ಬಿಡಿಭಾಗಗಳ ಪೆಟ್ಟಿಗೆಯಾಗಿ ಅದು ಅಂಗಡಿಗೆ ಬಂದದ್ದು ಆಮೇಲೆ. ಅಮೆರಿಕದ ಎಎಂಟಿ ಕೂಡ ಕಾರು ಷೋರೂಮುಗಳಿಗೆ ಪುಟ್ಟ ಮಾದರಿ ಮಾಡಿಕೊಡುತ್ತಿದ್ದ ಕಂಪನಿಯೇ. ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಅದರ ಕಿಟ್‌ಗಳು 1958ರಲ್ಲಿ ಬಂದವು. ಜಪಾನಿನ ಷಿಜುವೊಕದ ತಮಿಯ ಕಂಪನಿಯ ಷುನ್‌ಸಾಕು ತಮಿಯ ಮಾತ್ರ ನನ್ನ ಪಾಲಿಗೆ ಈ ಕುಲದ ಹಿರಿಯರು. ಎಪ್ಪತ್ತರ ದಶಕದಲ್ಲಿ ಪೋರ್ಷೆ ಕಾರಿನ ಮಾದರಿ ಮಾಡಲು ಹೊರಟು, ಅಳತೆ ಸಾಲದೆ, ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು ಬಿಚ್ಚಿ ಹರವಿಬಿಟ್ಟರು. ಒಂದು ವಸ್ತುವನ್ನು ಚಿಕ್ಕದು ಮಾಡಲು ಅದನ್ನು ತಯಾರಿಸಿದವರಷ್ಟೇ ಚೆನ್ನಾಗಿ ತಿಳಿದಿರಬೇಕು ಎಂದು ಕೈಯಿಂದಲೇ ತೋರಿಸಿದ ಮನುಷ್ಯ. ಅವರ ಕಿಟ್ಟಿನ ಇಂಜಿನ್ ಜೋಡಿಸುವಾಗ ಭಾಗಕ್ಕೆ ಭಾಗ ಕೂರುವ ರೀತಿ ನೋಡಿದರೆ, ಆ ಬಿಚ್ಚಾಟದ ಫಲ ಬೆರಳ ತುದಿಗೇ ತಿಳಿಯುತ್ತದೆ. ಇನ್ನು ಕಿಟ್ ಜೋಡಿಸುವ ಅಂಟು ನಿಜಕ್ಕೂ ಅಂಟೇ ಅಲ್ಲ. ಪ್ಲಾಸ್ಟಿಕ್ಕಿನ ಎರಡೂ ಮುಖಗಳನ್ನು ಅದು ಕರಗಿಸುತ್ತದೆ, ಒಣಗಿದ ಮೇಲೆ ಎರಡು ಸೇರಿ ಒಂದೇ ತುಂಡಾಗಿರುತ್ತದೆ.

ಪೋರ್ಷೆ, ಫೆರಾರಿ, ಮಸ್ಟಂಗ್ ಎಲ್ಲ ಕಟ್ಟಿದೆ. ಚೆನ್ನಾಗಿಯೇ ಇವೆ. ಆದರೆ ಅವುಗಳಲ್ಲಿ ಒಂದನ್ನೂ ನಾನು ಮಾಗಡಿ ಪೇಟೆಯಲ್ಲಿ ಕಂಡಿಲ್ಲ. ಇಲ್ಲಿ ಓಡಿದ ಕಾರು ಬೇರೆ. ಮದುವೆ ದಿಬ್ಬಣಕ್ಕೆ ಹೂವು ಸುತ್ತಿಕೊಂಡು ನಿಂತ ಅಂಬಾಸಿಡರ್, ಡಾಕ್ಟರ ಮನೆ ಮುಂದಿನ ಫಿಯಟ್, ಮೊದಲ ಸಂಬಳದ ಸಾಲದಲ್ಲಿ ಬಂದ ಮಾರುತಿ 800. ಫಿಯಟ್ ಎಂದೇ ಎಲ್ಲರೂ ಕರೆದ ಪ್ರೀಮಿಯರ್ ಪದ್ಮಿನಿ ಹೊಸ ಶತಮಾನ ಹುಟ್ಟುವ ಹೊತ್ತಿಗೆ ನಿಂತಿತು. ಮಾರುತಿ 800, ಅಂಬಾಸಿಡರ್ ಎರಡೂ 2014ರಲ್ಲಿ ನಿಂತವು. ಇವುಗಳ ಆಟಿಕೆಗಳು ಸಿಗುತ್ತವೆ, ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಓಡುವಂಥವು. ಕಟ್ಟುವ ಕಿಟ್ ನನ್ನ ಕೈಗೆ ಎಲ್ಲೂ ಸಿಕ್ಕಿಲ್ಲ. ಅಂಬಾಸಿಡರ್ ಮಾರ್ಕ್ 1ಕ್ಕೂ 1962ರ ಮಾರ್ಕ್ 2ಕ್ಕೂ ಗ್ರಿಲ್ಲಿನಲ್ಲಿ ಏನು ವ್ಯತ್ಯಾಸ ಎಂದು ಕೇಳಿದರೆ, ಹತ್ತು ವರ್ಷ ಅದನ್ನೇ ಓಡಿಸಿದವರೂ ತಡವರಿಸುತ್ತಾರೆ. ಗಾಡಿಗಳು ಗುಜರಿಗೆ ಹೋದ ಮೇಲೆ ಆ ವ್ಯತ್ಯಾಸ ಯಾರ ಬಳಿ ಉಳಿಯುತ್ತದೆ?

ಇಲ್ಲಿ ನನಗೆ ಬೇಲೂರು ನೆನಪಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯಕ್ಕೆ ಇಂದು ಶಿಖರವಿಲ್ಲ. ಕೆಳಗಿನ ಕಟ್ಟಡ ಉಳಿಯಲೆಂದು 19ನೇ ಶತಮಾನದಲ್ಲಿ ಇಳಿಸಿಬಿಟ್ಟರು. ಆದರೆ ಬಾಗಿಲುಗಳ ಮೆಟ್ಟಿಲ ಇಕ್ಕೆಲಗಳಲ್ಲಿ ಶಿಖರ ಸಮೇತ ಪುಟ್ಟ ಗುಡಿಗಳಿವೆ. ದೊಡ್ಡ ಶಿಖರ ಹೇಗಿದ್ದಿರಬಹುದು ಎಂದು ಊಹಿಸಲು ತಿಳಿದವರು ಇವನ್ನು ನೋಡುತ್ತಾರೆ. ದೊಡ್ಡದು ಹೋಯಿತು, ಚಿಕ್ಕದು ಉಳಿಯಿತು. ನಮ್ಮ ಶಿಲ್ಪಿಗಳು ಗೋಡೆಯ ಮೇಲೆಲ್ಲ ಕಿರುಶಿಖರಗಳನ್ನು ಕೆತ್ತಿದವರು. ಅಳತೆ ಕುಗ್ಗಿಸಿ ಆಕಾರ ಕಾಪಾಡುವುದು ನಮ್ಮ ನೆಲಕ್ಕೆ ಹೊರಗಿನಿಂದ ಬಂದ ಕೆಲಸವಲ್ಲ.

ಆದ್ದರಿಂದ ನಾನೇ ಕಟ್ಟಲು ನಿಂತಿದ್ದೇನೆ, ನಮ್ಮ ಸೀಮೆಯದೇ ಕಾರನ್ನು. ಬಿಡದಿಯ ಕಾರ್ಖಾನೆಯ ಚೊಚ್ಚಲು ಗಾಡಿ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂದು, 2005ರಲ್ಲಿ ಇನೊವಾಗೆ ಜಾಗ ಬಿಟ್ಟುಕೊಟ್ಟಿತು. ಐದೇ ವರ್ಷ. ಅಷ್ಟರಲ್ಲೇ ಅದು ಹತ್ತದ ಬೆಟ್ಟವಿಲ್ಲ, ಹೊರದ ಸಂಸಾರವಿಲ್ಲ. ಬಸ್ ಸ್ಟ್ಯಾಂಡಿನ ಬಳಿ ಇನ್ನೂ ಒಂದನ್ನು ಬಾಡಿಗೆಗೆ ಓಡಿಸುವ ಹಿರಿಯರೊಬ್ಬರಿದ್ದಾರೆ. ಟೇಪು ಹಿಡಿದು ಹೋದೆ.

"ಏನ್ ಮೇಷ್ಟ್ರೇ, ಗಾಡಿ ತಗೋತೀರಾ?"

"ಇಲ್ಲಣ್ಣ, ಅಳತೆ ತಗೋತೀನಿ. ಇದರಂಗೇ ಸಣ್ಣದೊಂದು ಮಾಡ್ಬೇಕು."

ಅವರು ಬೀಡಿ ಆರಿಸಿ ಎದ್ದು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಬಾನೆಟ್ಟು, ಕಿಟಕಿ, ಚಕ್ರದಿಂದ ಚಕ್ರಕ್ಕೆ. ನಾನು ಬರೆದುಕೊಂಡಂತೆಲ್ಲ ಅವರೂ ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡರು. "ಮೇಲ್ಗಡೆ ಕ್ಯಾರಿಯರ್ ಬಿಡ್‌ಬ್ಯಾಡಿ ಮತ್ತೆ. ಧರ್ಮಸ್ಥಳಕ್ಕೆ ಹೋಗೋವಾಗ ಲಗೇಜೆಲ್ಲಾ ಅದ್ರ ಮೇಲೆಯಾ" ಎಂದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಕಾರ್ಖಾನೆಯ ಚಿತ್ರದಲ್ಲೂ ಇಲ್ಲ. ಆದರೆ ನಮ್ಮ ರಸ್ತೆಯ ಕ್ವಾಲಿಸ್ ಕ್ಯಾರಿಯರ್ ಇಲ್ಲದೆ ಪೂರ್ತಿಯಾಗುವುದಿಲ್ಲ. ಅವರ ಮಾತೇ ಸರಿ.

ಮೈಯ ಅಚ್ಚಿಗೆ ಚನ್ನಪಟ್ಟಣದಿಂದ ಆಲೆ ಮರದ ತುಂಡು ತಂದಿದ್ದೇನೆ. ಮೆದು ಮರ, ನವುರಾದ ಎಳೆ, ಸಣ್ಣ ಉಳಿಗೆ ಸಿಕ್ಕಿದರೂ ಸೀಳು ಬಿಡುವುದಿಲ್ಲ. ಅದನ್ನು ಕ್ವಾಲಿಸಿನ ಆಕಾರಕ್ಕೆ ಕೆತ್ತಿ, ಬಿಸಿ ಮಾಡಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಎಳೆದು ಕೂರಿಸಿದರೆ ಮೈ ಸಿದ್ಧ. ಚೌಕನೆಯ ಗಾಡಿ ಎಂದು ಎಲ್ಲರೂ ಹೇಳುತ್ತಾರೆ, ಕೆತ್ತಿದಾಗ ತಿಳಿಯುತ್ತದೆ ಅದರಲ್ಲಿ ಚಪ್ಪಟೆಯಾದ ಒಂದೂ ಜಾಗವಿಲ್ಲ ಎಂದು. ಬಾಗಿಲು ಸಹ ನಡುವೆ ಕೂದಲೆಳೆಯಷ್ಟು ಉಬ್ಬಿದೆ.

ಕ್ಯಾರಿಯರಿನ ಕಂಬಿಗಳನ್ನು ಹಿತ್ತಾಳೆ ತಂತಿಯಲ್ಲಿ ಬೆಸುಗೆ ಹಾಕಿ ಆಗಿದೆ. ಬಾಕಿ ಇರುವುದು ಒಳಗಿನ ಸೀಟು. ಬಸ್ ಸ್ಟ್ಯಾಂಡಿನ ಹಿರಿಯರ ಗಾಡಿಯಲ್ಲಿ ಮೂಲ ಸೀಟು ಉಳಿದಿಲ್ಲ, ರೆಕ್ಸಿನ್ ಹೊದಿಸಿ ಬೇರೆಯದನ್ನೇ ಹಾಕಿಸಿದ್ದಾರೆ. ರಾಮನಗರ, ಕನಕಪುರ ಕಡೆ ಯಾರ ಮನೆಯ ಶೆಡ್ಡಿನಲ್ಲಾದರೂ ಕಾರ್ಖಾನೆಯ ಸೀಟುಗಳಿರುವ ಕ್ವಾಲಿಸ್ ನಿಂತಿದ್ದರೆ ಟೇಪು ಹಿಡಿದು ನಾನೇ ಬರುತ್ತೇನೆ. ಅರ್ಧ ಗಂಟೆ ಬಾಗಿಲು ತೆರೆದುಕೊಟ್ಟರೆ ಸಾಕು.