ಅವ್ವನ ಠೇವಣಿ

ನಮ್ಮವ್ವನ ಲೆಕ್ಕದಲ್ಲಿ ಅಸಲೆಂದರೆ ಎಮ್ಮೆ, ಬಡ್ಡಿಯೆಂದರೆ ಹಾಲು. ಎಮ್ಮೆ ಕೊಟ್ಟಿಗೆಯಲ್ಲೇ ಇರುವಾಗ ಹಾಲು ಕಡಿಮೆಯಾಗುವುದೆಂತು? 2025ರ ಜುಲೈನಲ್ಲಿ ಗ್ರಾಮೀಣ ಬ್ಯಾಂಕಿನ ಠೇವಣಿಯನ್ನು ನವೀಕರಿಸಹೋದಾಗ ಬಡ್ಡಿ ಇಳಿದುದನ್ನು ಕಂಡು ಆಕೆ ಗುಮಾಸ್ತರನ್ನೇ ಶಂಕಿಸಿದಳು. ನನ್ನ ಕಾಲೇಜಿನ ಶುಲ್ಕ ಹುಟ್ಟುತ್ತಿದ್ದುದು ಆ ಬಡ್ಡಿಯಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಲ್ಲವೇ ನಾನು! ವಿವರಿಸಿದೆ. ವರ್ಷಾರಂಭದಲ್ಲಿ ಶೇಕಡಾ 6.50 ಇದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕು ಜೂನ್ ವೇಳೆಗೆ 5.50ಕ್ಕೆ ಇಳಿಸಿತ್ತು. ಬ್ಯಾಂಕುಗಳಿಗೆ ಹಣ ಅಗ್ಗವಾದರೆ ನಮ್ಮ ಹಣಕ್ಕೂ ಬೆಲೆ ತಗ್ಗುತ್ತದೆ. ಆದರೆ ಒಮ್ಮೆ ರಸೀದಿಯಲ್ಲಿ ಬರೆದುಕೊಟ್ಟ ದರ ಅವಧಿ ಮುಗಿಯುವವರೆಗೆ ಕದಲದು; ಹೊಸ ದರ ನವೀಕರಣಕ್ಕೆ ಮಾತ್ರ. (ರಸೀದಿಯ ಹಿಂಬದಿಯನ್ನು ಯಾರೂ ಓದುವುದಿಲ್ಲ; ಅಚ್ಚೂ ಅದಕ್ಕೆ ತಕ್ಕಂತೆಯೇ ಇರುತ್ತದೆ.)

“ಹಂಗಾದ್ರೆ ವರ್ಷ ವರ್ಷಕ್ಕೆ ಯಾಕೋ? ಮೂರು ವರ್ಷಕ್ಕೇ ಇಡು. ನಿನ್ ಓದು ಮುಗೀಲಿ,” ಎಂದಳು.

ಡಿಸೆಂಬರಿನಲ್ಲಿ ರೆಪೊ ದರ 5.25ಕ್ಕಿಳಿಯಿತು. ನಮ್ಮ ರಸೀದಿ ಕದಲಲಿಲ್ಲ.