ಮೂಲೆಯಲ್ಲಿ ಕುಳಿತ ಹುಡುಗ
ಕಾರುಗಳ ವ್ಯಾಮೋಹ ನನಗಿಲ್ಲ. ಆದರೂ ‘ಔಡಿ’ ಎಂಬ ಹೆಸರು ಕಂಡಾಗಲೆಲ್ಲ ನನ್ನೊಳಗಿನ ಮೇಷ್ಟ್ರು ಹಿಗ್ಗುತ್ತಾನೆ.

ಆಗಸ್ಟ್ ಹೋರ್ಷ್ 1899ರಲ್ಲಿ ತನ್ನ ಹೆಸರಿನಲ್ಲೇ ಕಂಪನಿ ಕಟ್ಟಿದ. 1909ರಲ್ಲಿ ಅದನ್ನು ತೊರೆದು ಜರ್ಮನಿಯ ತ್ಸ್ವಿಕಾವ್‌ನಲ್ಲಿ ಇನ್ನೊಂದನ್ನು ಆರಂಭಿಸಿದಾಗ, ನ್ಯಾಯಾಲಯದ ತೀರ್ಪಿನಿಂದ ತನ್ನ ಹೆಸರಿಗೇ ಎರವಾದ. ಗೆಳೆಯ ಫಿಕೆಂಟ್ಶರ್ ಮನೆಯಲ್ಲಿ ಹಿರಿಯರು ಹೊಸ ಹೆಸರಿಗೆ ತಡಕಾಡುತ್ತಿದ್ದರಂತೆ. ಮೂಲೆಯಲ್ಲಿ ಲ್ಯಾಟಿನ್ ಪಾಠ ಓದುತ್ತಿದ್ದ ಮಗ ‘ಔಡಿ’ ಎಂದನಂತೆ. ಜರ್ಮನ್ನಿನ ‘ಹೋರ್ಷ್’, ಲ್ಯಾಟಿನ್ನಿನ ‘ಔಡಿ’ ಎರಡೂ ‘ಆಲಿಸು’ ಎಂಬ ವಿಧ್ಯರ್ಥ ರೂಪಗಳೇ!

1932ರಲ್ಲಿ ಔಡಿ, ಹೋರ್ಷ್, ಡಿಕೆಡಬ್ಲ್ಯೂ, ವಾಂಡರರ್ ಒಂದಾದವು. ನಾಲ್ಕು ಉಂಗುರಗಳ ಲಾಂಛನ ಮೂಡಿದ್ದು ಹಾಗೆ.

ನಿಮ್ಮಲ್ಲಿ ಹಲವರೀಗ ತಾಯ್ತಂದೆಯರು, ಅಧಿಕಾರಿಗಳು. ಮೂಲೆಯಿಂದ ಎಳೆಯ ದನಿಯೊಂದು ಎದ್ದರೆ, ‘ಸುಮ್ಮನಿರು’ ಎನ್ನುವ ಮುನ್ನ ಒಮ್ಮೆ ಆಲಿಸಿ.